ಕಥೆ ವಾಪಸ್ ಬಂತು, ಮುಂದೇನು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು. ಬರೆದದ್ದು ಅಚ್ಚಾಗಲಿಲ್ಲ. ದೀಪಾವಳಿ ವಿಶೇಷಾಂಕಗಳು ಬಂದು ಹೋದ ಮೇಲೆ ಪ್ರತಿ ವರ್ಷ ಹೀಗೇ. ಸ್ಪರ್ಧೆಯ ಫಲಿತಾಂಶದಲ್ಲಿ ಹೆಸರು ಕಾಣದವರು ನನಗೆ ಪತ್ರ ಬರೆಯುತ್ತಾರೆ. ಹಾಗಾಗಿ ಆಸ್ತಿ, ಮದುವೆ, ಅತ್ತೆ-ಸೊಸೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ರಾಯಚೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಕಥೆ ಕಳಿಸಿ ವಾಪಸ್ ಪಡೆದಿದ್ದೇನೆ. ಸ್ಪರ್ಧೆಗೆ ಬಂದ ಕಥೆಗಳ ಮೊದಲ ಸುತ್ತಿನ ಓದೂ ಮಾಡಿದ್ದೇನೆ. ಬೇಡ ಅನ್ನಿಸಿಕೊಂಡವಳೂ ನಾನೇ, ಬೇಡ ಅಂದವಳೂ ನಾನೇ.

ಪ್ರಶ್ನೆ: ಮೇಡಂ, ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಮೂರು ವರ್ಷದಿಂದ ಕಥೆ ಕಳಿಸುತ್ತಿದ್ದೇನೆ. 'ಪ್ರಕಟಿಸಲು ಸಾಧ್ಯವಾಗುತ್ತಿಲ್ಲ, ವಿಷಾದವಿದೆ' ಅನ್ನುವ ಒಂದು ಸಾಲು ಬರುತ್ತದೆ, ಇಲ್ಲವೇ ಅದೂ ಇಲ್ಲ. ನನ್ನ ಪಾತ್ರಗಳು ನಮ್ಮೂರ ಮಾತಾಡುತ್ತವೆ. ಅದು ಬೆಂಗಳೂರಿನವರಿಗೆ ಹಿಡಿಸುವುದಿಲ್ಲ ಅಂತ ಗೆಳೆಯರು ಹೇಳುತ್ತಾರೆ. ಭಾಷೆ ಬದಲಿಸಲೇ? ಒಂದೊಂದು ಸಲ ವಾಪಸ್ ಬಂದಾಗಲೂ ವಾರಗಟ್ಟಲೆ ಪೆನ್ನು ಮುಟ್ಟಲು ಮನಸ್ಸಾಗುವುದಿಲ್ಲ. (ಕುಷ್ಟಗಿ ತಾಲ್ಲೂಕು)

ಉತ್ತರ: ಮಾಸ್ತರರೇ, ಪತ್ರದ ಜೊತೆ ಒಂದು ಕಥೆಯನ್ನೂ ಇಟ್ಟಿದ್ದು ಒಳ್ಳೆಯದಾಯಿತು. ಕಥೆ ನೋಡದೆ ಉತ್ತರ ಕೊಟ್ಟಿದ್ದರೆ ಅದು ಸುಮ್ನೆ ಬೆನ್ನು ಸವರುವ ಮಾತಾಗುತ್ತಿತ್ತು.

ನಿಮ್ಮದು ಗುಳೆ ಹೋಗುವ ಒಂದು ಮನೆಯ ಕಥೆ. ಜಾತ್ರೆ ಮುಗಿದಿದೆ, ಹೊಲದಲ್ಲಿ ಕೆಲಸವಿಲ್ಲ, ಗಂಡ ಹೆಂಡತಿ ಮಂಗಳೂರಿನ ಕಡೆ ಗೌಂಡಿ ಕೆಲಸಕ್ಕೆ ಹೊರಟಿದ್ದಾರೆ. ಬಾಗಿಲಿಗೆ ಕೀಲಿ ಹಾಕಿ ಪಕ್ಕದ ಮನೆಯವಳಿಗೆ ಆ ತಾಯಿ ಹೇಳುತ್ತಾಳೆ: 'ಕೋಳಿ ನೀನ ಇಟ್ಕೊ. ತತ್ತಿ ತಿಂದ್ರ ತಿನ್ನು, ಆದ್ರ ಎಷ್ಟು ತಿಂದಿ ಅಂತ ಗ್ವಾಡಿ ಮ್ಯಾಲ ಗೀಟು ಹಾಕಿಡು.' ಓದಿ ನಕ್ಕೆ. ನಕ್ಕ ಮೇಲೆ ಸಂಕಟ ಆಯಿತು. ವಾಪಸ್ ಬರುತ್ತೇನೆ ಅಂತ ಅವಳು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಗೀಟು ಎಣಿಸಲು ಬಂದೇ ಬರುತ್ತಾಳೆ. ಇದನ್ನು ಬರೆದವರಿಗೆ ಭಾಷೆ ಬದಲಿಸು ಅಂದ ಗೆಳೆಯರು ಕಥೆ ಓದಿದ್ದಾರಾ? ನನಗಂತೂ ಅನುಮಾನ.

ತೊಂದರೆ ಇರುವುದು ಅದರ ಮುಂದಿನ ಸಾಲಿನಲ್ಲಿ. 'ಹೀಗೆ ಬಡತನದ ದಾರುಣ ವಾಸ್ತವದ ನಡುವೆಯೂ ಅವಳ ಜೀವನಪ್ರೀತಿ ಬತ್ತಿರಲಿಲ್ಲ' ಅಂತ ಬರೆದಿದ್ದೀರಿ. ನಗೆಹನಿ ಹೇಳಿ, ಎಲ್ಲಿ ನಗಬೇಕು ಅಂತ ಬಿಡಿಸಿ ಹೇಳಿದ ಹಾಗಾಯಿತು. ಕಥೆಯ ಉದ್ದಕ್ಕೂ ಇದೇ ನಡೆದಿದೆ. ಪಾತ್ರಗಳು ಕುಷ್ಟಗಿಯ ಮಾತಾಡುತ್ತವೆ, ನಡುವೆ ನೀವು ಬಂದು ಪಠ್ಯಪುಸ್ತಕದ ಮಾತಾಡುತ್ತೀರಿ. ಓದುವವರಿಗೆ ಎಡವಿದಂತಾಗುವುದು ಊರ ಮಾತಿನಿಂದಲ್ಲ, ನಿಮ್ಮ ಈ ವಿವರಣೆಯಿಂದ. ಆಮೇಲೆ ಇನ್ನೊಂದು. ಕಥೆ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ಮೊದಲೆರಡು ಪುಟ ಸೂರ್ಯೋದಯ, ಗವಿಮಠದ ತೇರು, ಬರಗಾಲದ ಇತಿಹಾಸ. ಮೇಜಿನ ಮೇಲೆ ಕಟ್ಟು ಕಟ್ಟು ಕಥೆ ಇಟ್ಟುಕೊಂಡು ಕೂತವರು ಮೂರನೇ ಪುಟದವರೆಗೆ ಬರುತ್ತಾರೆ ಅಂತ ನಂಬಬೇಡಿ. ಅದು ಅನ್ಯಾಯವೇ ಇರಬಹುದು. ಆದರೆ ಬಸ್ ನಿಲ್ದಾಣದಲ್ಲಿ ವಾರಪತ್ರಿಕೆ ಕೊಂಡ ಓದುಗನೂ ಅಷ್ಟೇ ತಾಳ್ಮೆಯವನು, ಅಲ್ವಾ?

ಊರ ಮಾತಿನ ಬಗ್ಗೆ ಇನ್ನೊಂದಿಷ್ಟು. ಒಂಬತ್ತನೇ ಶತಮಾನದಲ್ಲೇ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡು ಯಾವುದು ಅಂತ ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣ ಒಂದು. ಅಂದರೆ ನಮ್ಮ ಕೊಪ್ಪಳ. ಇದನ್ನು ನೆನಪಿಟ್ಟುಕೊಳ್ಳಿ, ಆದರೆ ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಹಾಕಬೇಡಿ, ನಗುತ್ತಾರೆ. ಈ ಕಡೆಯ ಆಡುಮಾತಿನ ಕಥೆಗಳು ಎಷ್ಟೋ ದಶಕಗಳಿಂದ ಬೆಂಗಳೂರಿನ ಪತ್ರಿಕೆಗಳಲ್ಲಿ ಬರುತ್ತಲೇ ಇವೆ, ಬಹುಮಾನವನ್ನೂ ಪಡೆದಿವೆ. ಮಾತು ಒಂದೇ ಹದದಲ್ಲಿ ಇದ್ದರೆ ಸಾಕು. ಒಂದು ಕಡೆ 'ಹೊಂಟೀವಿ', ಅದೇ ಬಾಯಲ್ಲಿ ಇನ್ನೊಂದು ಕಡೆ 'ಹೊರಟಿದ್ದೇವೆ' ಅಂತ ಬರಬಾರದು. ತತ್ತಿ ಅಂದರೆ ಏನು ಅಂತ ಅಡಿಟಿಪ್ಪಣಿಯೂ ಬೇಡ. ಕೋಳಿ ಪಕ್ಕದಲ್ಲೇ ಇದೆ, ಯಾರಿಗಾದರೂ ತಿಳಿಯುತ್ತದೆ.

ಕಥೆ ಚೆನ್ನಾಗಿದ್ದೂ ವಾಪಸ್ ಬರುವುದು ಉಂಟು. ಅದರ ಕಾರಣಗಳು ಬಹಳ ಸಪ್ಪೆ. ಜಾಹೀರಾತು ಬಂತು, ಎರಡು ಪುಟ ಹೋಯಿತು. ಪದಮಿತಿ ದಾಟಿತು. ಹಬ್ಬದ ಸಂಚಿಕೆಗೆ ಕಥೆ ಆರಿಸುವ ಕೆಲಸ ಹಬ್ಬಕ್ಕೆ ಎಷ್ಟೋ ಮೊದಲೇ ಮುಗಿದಿರುತ್ತದೆ, ನಿಮ್ಮದು ಆಮೇಲೆ ತಲುಪಿತು. ಅಥವಾ ಅದೇ ವಿಷಯದ ಮೇಲೆ ಇನ್ನೊಬ್ಬರದು ಮೊದಲೇ ಬಂದಿತ್ತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಅದಾದ ಮೇಲೆ ನಾನು ಕಂಡ ಹಸ್ತಪ್ರತಿಗಳಲ್ಲೆಲ್ಲ ಗೇಟು, ನೀರು, ರೈತನ ಕಣ್ಣೀರು. ಕೆಲವು ನಿಜಕ್ಕೂ ಚೆನ್ನಾಗಿದ್ದವು. ಒಂದೇ ಸಂಚಿಕೆಯಲ್ಲಿ ಎಷ್ಟು ಗೇಟು ಮುರಿಯಲು ಆಗುತ್ತದೆ ಹೇಳಿ. ವಾಪಸ್ ಹೋದವರಲ್ಲಿ ಒಬ್ಬೊಬ್ಬರೂ 'ನನಗೆ ಬರೆಯಲು ಬರುವುದಿಲ್ಲ' ಅಂದುಕೊಂಡಿರುತ್ತಾರೆ.

ಇನ್ನು ಆ ವಾರಗಟ್ಟಲೆಯ ಬೇಸರ. ಬೇಸರ ಆಗಬಾರದು ಅಂತ ನಾನು ಹೇಳುವುದಿಲ್ಲ. ಎರಡು ದಿನ ಮುಖ ಊದಿಸಿಕೊಂಡು ಇರಿ, ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಮಂಡಾಳು ತಿನ್ನಿ, ಸಂಪಾದಕರನ್ನು ಮನಸಾರೆ ಬೈಯಿರಿ. ಬೈಗುಳವನ್ನು ಮೇಲ್ ಮಾತ್ರ ಮಾಡಬೇಡಿ. ಆದರೆ ಆ ಬೇಸರ ವಾರಗಟ್ಟಲೆ ಎಳೆಯುವುದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. 'ಕಥೆ ಬರೆದದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅಚ್ಚಾದ ಮೇಲೆ ತೋರಿಸೋಣ ಅಂತ' ಎಂದು ಬರೆದಿದ್ದೀರಿ. ಅಂದರೆ ಈ ಭೂಮಿಯ ಮೇಲೆ ನಿಮ್ಮ ಕಥೆಗೆ ಇರುವ ಒಬ್ಬನೇ ಓದುಗ ಆ ಸಂಪಾದಕ. ಅವರು ಬೇಡ ಅಂದರೆ ಲೋಕವೇ ಬೇಡ ಅಂದಂತೆ ಆಗುತ್ತದೆ. ಸಂಪಾದಕರು ನಿಮ್ಮ ಕಥೆಯ ಐದನೆಯದೋ ಆರನೆಯದೋ ಓದುಗರಾಗಬೇಕು, ಮೊದಲನೆಯವರಲ್ಲ.

ನಿಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕಂದಿರಲ್ಲಿ ಗುಳೆ ಹೋಗಿ ಬಂದವರು ಯಾರಾದರೂ ಇದ್ದೇ ಇರುತ್ತಾರೆ. ಊಟದ ಹೊತ್ತು ಮುಗಿದ ಮೇಲೆ ಕೂಡಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿ. 'ಜೀವನಪ್ರೀತಿ' ಬಂದಾಗ ಅವರ ಮುಖ ನೋಡಿ. ತತ್ತಿಯ ಮಾತಿಗೆ ಅವರು ಏನಂತಾರೆ ಕೇಳಿ. 'ಹಂಗಲ್ರೀ ಸರ, ಕೋಳಿ ಯಾರೂ ಬಿಟ್ಟು ಹೋಗಂಗಿಲ್ಲ, ಮಾರಿ ಹೊಕ್ಕೀವಿ' ಅಂದರೂ ಅನ್ನಬಹುದು. ಆಗ ಇನ್ನೊಂದು ಕಥೆ ಸಿಕ್ಕಿತು. ಮೊದಲ ಕಥೆ ಕಳಿಸುವ ಮುಂಚೆಯೇ ಎರಡನೆಯದರ ನಾಲ್ಕು ಸಾಲು ನೋಟ್‌ಬುಕ್ಕಿನಲ್ಲಿ ಇರಲಿ. ಕಾಯುವ ತಿಂಗಳುಗಳಲ್ಲಿ ಮನಸ್ಸಿಗೆ ಹೋಗಲು ಒಂದು ಜಾಗ ಬೇಕು.

ಹಾಂ, ಬರುವ ಉತ್ತರಗಳನ್ನು ಸರಿಯಾಗಿ ಓದಿ. ನಿಮ್ಮ ಪತ್ರದ ಕೊನೆಯಲ್ಲಿ, ಬಹಳ ಬೇಸರದಿಂದ, ಒಂದು ಪತ್ರಿಕೆಯವರು 'ಈ ಕಥೆಯ ಅಂತ್ಯ ನಿರೀಕ್ಷಿತವಾಗಿದೆ, ಬೇರೆ ಕಥೆ ಇದ್ದರೆ ಕಳಿಸಿ' ಅಂದರು ಅಂತ ಬರೆದಿದ್ದೀರಿ. ಅಯ್ಯೋ ಮಾಸ್ತರರೇ, ಅದು ವಾಪಸ್ ಪತ್ರವಲ್ಲ, ಕರೆ! ಪುರುಸೊತ್ತಿಲ್ಲದ ಒಬ್ಬರು ಕೂತು ನಿಮಗಾಗಿ ಒಂದು ವಾಕ್ಯ ಬರೆದಿದ್ದಾರೆ. ಆ ಪತ್ರಿಕೆಗೆ ಇನ್ನೂ ಬೇರೆ ಕಥೆ ಕಳಿಸಿಲ್ಲ ಅಂದರೆ ಇವತ್ತೇ ಕಳಿಸಿ.

ಪ್ರಶ್ನೆ: ನೀವೆಲ್ಲ ಒಂದೇ ಗುಂಪಿನವರು. ಗೊತ್ತಿದ್ದವರಿಗೆ, ಜಾತಿಯವರಿಗೆ, ಬೆನ್ನು ತಟ್ಟುವವರಿಗೆ ಮಾತ್ರ ಬಹುಮಾನ. ನನ್ನಂಥವರ ಕಥೆಯನ್ನು ತೆರೆದೂ ನೋಡುವುದಿಲ್ಲ. ಇದಕ್ಕೆ ಉತ್ತರ ಕೊಡುವ ಧೈರ್ಯ ಇದೆಯಾ? (ಲಿಂಗಸುಗೂರು)

ಉತ್ತರ: ಇದೆ ಅಣ್ಣಾವ್ರೇ. ಗುಂಪುಗಳು ಇಲ್ಲ ಅಂತ ನಾನು ಹೇಳುವುದಿಲ್ಲ. ಸಾಹಿತ್ಯ ಸಭೆಗಳ ವೇದಿಕೆ ಮೇಲೆ ಅದೇ ನಾಲ್ಕು ಮುಖ ನೋಡಿ ನನಗೂ ಸಾಕಾಗಿದೆ. ಆದರೆ ನಾನು ಓದಿದ ಸ್ಪರ್ಧೆಗಳಲ್ಲಿ ಕಥೆಯ ಮೇಲೆ ಹೆಸರಿರಲಿಲ್ಲ, ಬರೀ ನಂಬರು. ಹೆಸರು, ವಿಳಾಸ ಬೇರೆ ಹಾಳೆಯಲ್ಲಿ. ಲಿಂಗಸುಗೂರಿನವರೋ ಶಿವಮೊಗ್ಗದವರೋ ಅಂತ ನನಗೆ ಗೊತ್ತಾದದ್ದು ಕಥೆಯ ಒಳಗಿನ ಊರಿನಿಂದ ಮಾತ್ರ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಜಾಹೀರಾತಿನಲ್ಲಿ ಹೆಸರಿರುವ ದೊಡ್ಡ ತೀರ್ಪುಗಾರರು ಸಾಮಾನ್ಯವಾಗಿ ಎಲ್ಲಾ ಕಥೆ ಓದುವುದಿಲ್ಲ. ನನ್ನಂಥವರು ಸೋಸಿ ಕೊಟ್ಟದ್ದನ್ನು ಓದುತ್ತಾರೆ. ಆದ್ದರಿಂದ ಬೈಯುವುದಿದ್ದರೆ ಅವರನ್ನು ಬಿಡಿ, ನನ್ನಂಥವರನ್ನು ಬೈಯಿರಿ, ವಿಳಾಸವಾದರೂ ಸರಿ ಇರುತ್ತದೆ.

ಒಂದು ಹಳೆಯ ಸಂಗತಿ ಹೇಳುತ್ತೇನೆ. ವಿಜಯಪುರದ ವಕೀಲರು ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿಯ ಕಟ್ಟುಗಳಿಂದ ವಚನ ಕೂಡಿಸಿದರು. ಅಚ್ಚಿಗೆ ಅಂತ ಮಂಗಳೂರಿನ ಮುದ್ರಣಾಲಯಕ್ಕೆ ಕಳಿಸಿದರೆ ಅವರು ಮಾಡುವುದಿಲ್ಲ ಅಂದುಬಿಟ್ಟರು. ವಚನಗಳನ್ನೇ ವಾಪಸ್ ಕಳಿಸಿದರು! ಹಳಕಟ್ಟಿಯವರು ಹಸ್ತಪ್ರತಿಯನ್ನು ಬೆಳಗಾವಿಗೆ ಒಯ್ದರು. 1923ರಲ್ಲಿ ಅಲ್ಲಿ ಪುಸ್ತಕ ಅಚ್ಚಾಯಿತು. ಆಮೇಲೆ ವಿಜಯಪುರದಲ್ಲಿ ತಮ್ಮದೇ ಮುದ್ರಣಾಲಯ ಹಾಕಿದರು. 1926ರಲ್ಲಿ ನಮ್ಮ ಬಳ್ಳಾರಿಯಲ್ಲಿ ಸಾಹಿತ್ಯ ಸಮ್ಮೇಳನ ಆದಾಗ ಅಧ್ಯಕ್ಷರು ಅವರೇ. ನಿಮ್ಮ ಕಥೆ, ನನ್ನ ಕಥೆ ವಚನಗಳಲ್ಲ, ಅದು ಬೇರೆ ಮಾತು. ಅದೂ ಅಲ್ಲದೆ ಅವರು ಹಟ ಹಿಡಿದದ್ದು ಬೇರೆಯವರ ಮಾತಿಗಾಗಿ. ಸ್ವಂತದ ಬರಹಕ್ಕಾಗಿ ಹಾಗೆ ಹಟ ಹಿಡಿಯುವುದು ಕಷ್ಟ, ಒಳಗೊಳಗೇ ಅನುಮಾನ ತಿನ್ನುತ್ತದೆ. ಆದರೆ ಮಂಗಳೂರಿನ ದಾರಿ ಮುಚ್ಚಿದಾಗ ಅವರು ಬೆಳಗಾವಿಯ ದಾರಿ ಹಿಡಿದರು ನೋಡಿ, ಅಷ್ಟನ್ನು ನೀವೂ ಮಾಡಬಹುದು. ಒಂದು ಸ್ಪರ್ಧೆ ಗುಂಪಿನದು ಅಂತ ನಿಮಗೆ ಖಾತ್ರಿ ಇದ್ದರೆ ಅಲ್ಲಿಗೇ ಪ್ರತಿ ವರ್ಷ ಯಾಕೆ ಕಳಿಸುತ್ತೀರಿ? ನಿಮ್ಮ ಪತ್ರದ ಪ್ರಕಾರ ನೀವು ಬೇರೆ ಎಲ್ಲಿಗೂ ಕಳಿಸಿಯೇ ಇಲ್ಲ.

ಪತ್ರ ಚೆನ್ನಾಗಿ ಬರೆದಿದ್ದೀರಿ, ಅದನ್ನೂ ಹೇಳಬೇಕು. ಸಿಟ್ಟು ಇದ್ದರೂ ಒಂದು ಪದ ಜಾಸ್ತಿ ಇಲ್ಲ.

ಪ್ರಶ್ನೆ: ಅಕ್ಕಾ, ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಕವಿತೆ ಬರೆಯುತ್ತೇನೆ. ಬರೆಯುವುದೆಲ್ಲ ಪ್ರೀತಿಯ ಕವಿತೆ. ಒಂದು ಕಡೆ ಕಳಿಸಿದಾಗ 'ಇವು ಬೇಡ, ನಿಮ್ಮ ಕೆಲಸದ ಕಷ್ಟದ ಬಗ್ಗೆ ಬರೆದು ಕಳಿಸಿ, ಹಾಕುತ್ತೇವೆ' ಅಂದರು. ಮನೆಯಲ್ಲಿ ನೆಗೆಣ್ಣಿ 'ಪೇಪರಿನವರೇ ಬ್ಯಾಡ ಅಂದ್ರಲ್ಲ' ಅಂತ ನಗುತ್ತಾಳೆ. ಏನು ಮಾಡಲಿ? (ಹೆಸರು ಬೇಡ)

ಉತ್ತರ: ತಂಗಿ, ಅವರು ಎರಡು ಮಾತು ಹೇಳಿದ್ದಾರೆ. ಕವಿತೆ ಬೇಡ ಅನ್ನುವುದು ಒಂದು, ಏನು ಬರೆಯಬೇಕು ಅನ್ನುವ ಹುಕುಂ ಇನ್ನೊಂದು. ಮೊದಲನೆಯದು ಅವರ ಹಕ್ಕು, ಒಪ್ಪಿಕೋ. ಎರಡನೆಯದನ್ನು ಒಪ್ಪಬೇಕಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವರು ಪ್ರೇಮಕವಿತೆ ಕಳಿಸಿದರೆ 'ಕ್ಯಾಶ್ ಕೌಂಟರಿನ ಕಷ್ಟ ಬರೆಯಿರಿ' ಅಂತ ಯಾರಾದರೂ ಹೇಳುತ್ತಾರಾ? ಹೊಲಿಗೆ ಮಷಿನ್ ಮುಂದೆ ದಿನವಿಡೀ ಕೂತವಳಿಗೆ ರಾತ್ರಿಯಾದರೂ ಬೇರೆ ಏನಾದರೂ ಬೇಕು ಅನ್ನಿಸುವುದು ಸಹಜ. ಮುಂದೆ ಎಂದಾದರೂ ಕೆಲಸದ ಬಗ್ಗೆ ಬರೆಯಬೇಕು ಅಂತ ನಿನಗೇ ಅನ್ನಿಸಿದರೆ ಬರೆ. ಅವರು ಕೇಳಿದರು ಅಂತ ಬೇಡ.

ಕವಿತೆಗಳ ಬಗ್ಗೆ ನೇರವಾಗಿ ಹೇಳಲಾ? ಕಳಿಸಿದ ಮೂರರಲ್ಲಿ ಎರಡು ಸಿನಿಮಾ ಹಾಡಿನ ನೆರಳಲ್ಲಿವೆ. ಚಂದಿರ, ಬೆಳದಿಂಗಳು, ಉಸಿರು. ಮೂರನೆಯದು, ಅವನು ಮೋತಿ ಸರ್ಕಲ್‌ನಲ್ಲಿ ಬುತ್ತಿ ಡಬ್ಬಿ ಹಿಡಿದು ನಿಂತದ್ದು, ನೀನು ಎದುರಿನ ಆಟೋದಲ್ಲಿ ನೋಡಿಯೂ ನೋಡದ ಹಾಗೆ ಹೋದದ್ದು, ಅದು ನಿನ್ನದೇ. ಅಂಥವು ಇನ್ನೂ ಬರಲಿ. ಅದನ್ನು ಬೇರೆ ಪತ್ರಿಕೆಗೆ ಕಳಿಸು.

ಕಳಿಸುವ ರೀತಿ ಮಾತ್ರ ಬದಲಿಸಬೇಕು. ಹಾಳೆಯ ಫೋಟೋ ಹೊಡೆದು ಕಳಿಸಿದ್ದೀಯ, ಅರ್ಧ ಓದಲಿಕ್ಕಾಗಲಿಲ್ಲ. ಫೋನಿನ ಕನ್ನಡ ಕೀಬೋರ್ಡಿನಲ್ಲಿ ಟೈಪ್ ಮಾಡಿದರೆ ಅದು ಯುನಿಕೋಡ್‌ನಲ್ಲೇ ಇರುತ್ತದೆ, ಯಾರ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುತ್ತದೆ. ಡಿಟಿಪಿ ಅಂಗಡಿಗೆ ಕೊಟ್ಟರೆ ಕೆಲವರು ಹಳೆಯ ನುಡಿ ಫಾಂಟಿನಲ್ಲಿ ಮಾಡಿಕೊಡುತ್ತಾರೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು. ಹಾಗೆ ಬಂದದ್ದನ್ನು ಯಾರೂ ಓದುವ ಗೋಜಿಗೆ ಹೋಗುವುದಿಲ್ಲ. ಪಾಪ, ಬರೆದವರು ಮಾತ್ರ ಉತ್ತರಕ್ಕೆ ಕಾಯುತ್ತಾ ಇರುತ್ತಾರೆ. ಇನ್ನೊಂದು, ಫೇಸ್‌ಬುಕ್ಕಿಗೆ ಹಾಕಿದ ಕವಿತೆಯನ್ನು ಬಹಳಷ್ಟು ಪತ್ರಿಕೆಗಳು ಪ್ರಕಟವಾದದ್ದು ಅಂತಲೇ ಲೆಕ್ಕ ಹಾಕುತ್ತವೆ. ಮೊದಲು ಪತ್ರಿಕೆ, ಆಮೇಲೆ ಫೇಸ್‌ಬುಕ್.

ನೆಗೆಣ್ಣಿಗೆ ಕಳಿಸಿದ್ದು ಹೇಳಬೇಡ. ಬಂದಾಗ ಹೇಳು. ಓದಿ ತೋರಿಸಲು ಘಟಕದಲ್ಲಿ ನಿನ್ನ ಪಕ್ಕದ ಮಷಿನ್‌ನವಳು ಇದ್ದಾಳಲ್ಲ, ಮೋತಿ ಸರ್ಕಲ್ ಸಂಗತಿ ಅವಳಿಗೆ ಹೇಗೂ ಗೊತ್ತು ಅಂತ ಪತ್ರದಲ್ಲಿ ನೀನೇ ಬರೆದಿದ್ದೀಯ.

ಪ್ರಶ್ನೆ: ನಿವೃತ್ತ ನೌಕರ, ವಯಸ್ಸು 63. ಕಾದಂಬರಿ ಬರೆದಿದ್ದೇನೆ. ಪ್ರಕಾಶಕರು ಯಾರೂ ಒಪ್ಪಲಿಲ್ಲ. ಈಗ ಒಬ್ಬರು 60,000 ರೂಪಾಯಿ ಕೊಟ್ಟರೆ 300 ಪ್ರತಿ ಮಾಡಿಕೊಡುತ್ತೇನೆ, ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ನಂಬರಿಗೆ) ಬೇರೆ ದುಡ್ಡು ಅನ್ನುತ್ತಿದ್ದಾರೆ. ಕೊಡಲೇ? (ಸಿಂಧನೂರು)

ಉತ್ತರ: ಯಜಮಾನರೇ, ಐಎಸ್‌ಬಿಎನ್ ನಂಬರನ್ನು ನಮ್ಮ ದೇಶದಲ್ಲಿ ಸರ್ಕಾರದ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅದಕ್ಕೂ ದುಡ್ಡು ಕೇಳಿದರು ಅಂದ ಮೇಲೆ ಉಳಿದ ಲೆಕ್ಕವನ್ನೂ ಸ್ವಲ್ಪ ಕೆದಕಿ ನೋಡಿ. ಎಷ್ಟು ಪುಟ, ಯಾವ ಕಾಗದ, ಯಾವ ಬೈಂಡಿಂಗ್ ಅಂತ ಬರೆದು ನಿಮ್ಮೂರಲ್ಲೇ ಎರಡು ಮುದ್ರಣಾಲಯದಲ್ಲಿ ದರ ಕೇಳಿ. ಹಕ್ಕು ಯಾರದ್ದು ಅನ್ನುವುದು ಕಾಗದದ ಮೇಲೆ ಇರಲಿ. 'ಲೈಬ್ರರಿಗೆ ಹೋಗುತ್ತದೆ, ದುಡ್ಡು ವಾಪಸ್ ಬರುತ್ತದೆ' ಅಂದರೆ ನಂಬಿ ಸಾಲ ಮಾಡಬೇಡಿ. ಗ್ರಂಥಾಲಯ ಇಲಾಖೆಯ ಆಯ್ಕೆ, ಬಿಲ್ಲು ಎರಡೂ ನಿಧಾನ. ಕನ್ನಡ ಪುಸ್ತಕ ಪ್ರಾಧಿಕಾರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ ಅಂತ ಕೇಳಿರುತ್ತೀರಿ, ಅದು ಯುವ ಬರಹಗಾರರಿಗೆ.

ಸ್ವಂತ ದುಡ್ಡಲ್ಲಿ ಪುಸ್ತಕ ಮಾಡುವುದು ತಪ್ಪೇನಲ್ಲ. ಆದರೆ 300 ಯಾಕೆ? ಈಗ ಡಿಜಿಟಲ್ ಮುದ್ರಣದಲ್ಲಿ 50 ಪ್ರತಿಯೂ ಆಗುತ್ತದೆ. ಅದಕ್ಕಿಂತ ಮೊದಲು ಝೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ, ಕಾದಂಬರಿ ಓದುವ ಅಭ್ಯಾಸ ಇರುವ ಮೂವರಿಗೆ ಕೊಡಿ. ನೆಂಟರಿಗೆ ಬೇಡ. ಅವರು ಓದದೆಯೇ ಚೆನ್ನಾಗಿದೆ ಅನ್ನುತ್ತಾರೆ. ಪ್ರಕಾಶಕರು ಯಾಕೆ ಬೇಡ ಅಂದರು ಅನ್ನುವುದು ಈ ಮೂವರಿಂದ ಗೊತ್ತಾದರೂ ಆಗಬಹುದು. 420 ಪುಟ ಅಂತ ಬರೆದಿದ್ದೀರಿ. ನನಗೆ ಅದೇ ಒಂದು ಕಾರಣ ಇರಬಹುದು ಅನ್ನಿಸುತ್ತದೆ. ಹೊಸಬರ ಅಷ್ಟು ದಪ್ಪದ ಪುಸ್ತಕಕ್ಕೆ ಕಾಗದದ ದುಡ್ಡು ಹಾಕುವ ಪ್ರಕಾಶಕರು ಕಡಿಮೆ.

ಪ್ರಶ್ನೆ: ಮ್ಯಾಡಂ, ನಾನು ದ್ವಿತೀಯ ಪಿಯುಸಿ. ಎಷ್ಟು ಸಲ ವಾಪಸ್ ಬಂದರೆ ಬರೆಯುವುದು ಬಿಡಬೇಕು? (ದೇವದುರ್ಗ)

ಉತ್ತರ: ಅದಕ್ಕೆ ಲೆಕ್ಕ ಇಲ್ಲಮ್ಮ. ಬರೆಯುವುದೇ ಬೇಜಾರು ಅನ್ನಿಸಿದ ದಿನ ಬಿಡು, ಯಾರೂ ದಂಡ ಹಾಕುವುದಿಲ್ಲ. ನನ್ನ ಜೊತೆ ಬರೆಯುತ್ತಿದ್ದವರಲ್ಲಿ ಬಿಟ್ಟವರೂ ಇದ್ದಾರೆ, ಆರಾಮಾಗಿದ್ದಾರೆ, ನನಗಿಂತ ಜಾಸ್ತಿ ಓದುತ್ತಾರೆ. ಆದರೆ ನೀನು ವಾಪಸ್ ಬಂದದ್ದನ್ನು ಎಣಿಸುತ್ತಿದ್ದೀಯ ಅಂದರೆ ಇನ್ನೂ ಕಳಿಸುವ ಮನಸ್ಸು ಇದೆ ಅಂತ ಕಾಣುತ್ತದೆ. ಎಲ್ಲಿಗೆ, ಯಾವ ತಾರೀಖು, ಯಾವ ಕವಿತೆ ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡು. ಮೂರ್ನಾಲ್ಕು ತಿಂಗಳು ಸುದ್ದಿ ಇಲ್ಲದಿದ್ದರೆ ಒಂದು ಸಾಲು ಬರೆದು ತಿಳಿಸಿ ಬೇರೆ ಕಡೆ ಕಳಿಸು. ಒಂದೇ ಕವಿತೆಯನ್ನು ಒಟ್ಟಿಗೆ ನಾಲ್ಕು ಕಡೆ ಕಳಿಸಬೇಡ. ಎರಡು ಕಡೆ ಅಚ್ಚಾಗಿಬಿಟ್ಟರೆ ಇಬ್ಬರೂ ಮುಂದೆ ನಿನ್ನದನ್ನು ತೆಗೆದುಕೊಳ್ಳುವುದಿಲ್ಲ. ಮತ್ತೆ ಪರೀಕ್ಷೆ ಮುಗಿಯುವವರೆಗೆ ಹೊಸದೇನೂ ಕಳಿಸಬೇಡ. ಬರೆದು ಇಟ್ಟುಕೋ, ಏಪ್ರಿಲ್‌ನಲ್ಲಿ ನೋಡಿದರೆ ಅದರಲ್ಲಿ ಯಾವುದು ಒಳ್ಳೆಯದು ಅಂತ ನಿನಗೇ ತಿಳಿಯುತ್ತದೆ.

ನನಗೆ ಕವಿತೆ ಕಳಿಸುತ್ತೇನೆ ಅಂದಿದ್ದೀಯ, ಕಳಿಸು, ಓದುತ್ತೇನೆ. ಆದರೆ ನಿನ್ನ ಕವರಿನ ಮೇಲೆ ಊರಿನ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಮುಂದಿನ ಸಲ ಪೂರ್ತಿ ವಿಳಾಸ, ಪಿನ್ ಕೋಡ್ ಬರೆ.